ಓದುಗರ ಪ್ರಶ್ನೆ: ಸಾಹಿತ್ಯದ ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್ ಪಡೆಯುವುದು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದವಳು. ಮಕ್ಕಳು ದೊಡ್ಡವರಾದ ಮೇಲೆ ಟೆಕ್ಸಾಸಿನ ಕಮ್ಯೂನಿಟಿ ಕಾಲೇಜೊಂದಕ್ಕೆ ಸೇರಿ ಅಕೌಂಟಿಂಗ್ ಓದುತ್ತಿದ್ದೇನೆ. ಹಗಲಿನಲ್ಲಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸವಿರುವುದರಿಂದ ಎಲ್ಲ ತರಗತಿಗಳಿಗೂ ಹೋಗುವುದು ಕಷ್ಟವಾಗಿದೆ. ಪದವಿಗೆ ಸಾಹಿತ್ಯ ಅಥವಾ ಮಾನವಿಕ ವಿಷಯದ ಒಂದು ಕೋರ್ಸ್ ಕಡ್ಡಾಯ; ಅದರ ಬದಲು ‘ಕ್ಲೆಪ್’ (ಕಾಲೇಜ್ ಲೆವೆಲ್ ಎಕ್ಸಾಮಿನೇಷನ್ ಪ್ರೋಗ್ರಾಂ) ಪರೀಕ್ಷೆ ಬರೆಯಬಹುದು ಎಂದು ಕಾಲೇಜಿನ ಸಲಹೆಗಾರರು ಹೇಳಿದರು. ಇಂಗ್ಲಿಷ್ ಸಾಹಿತ್ಯವನ್ನು ನಾನು ಕ್ರಮವಾಗಿ ಓದಿಯೇ ಇಲ್ಲ. ನನ್ನಂಥವರಿಗೆ ಇದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಸಾಧ್ಯವಿದೆ. ನೀವು ಅಂದುಕೊಂಡಿರುವುದಕ್ಕಿಂತ ನಿಮ್ಮ ತಯಾರಿ ಮುಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುವ ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಸಬೇಕು. ಏಕೆಂದರೆ ಇದರ ಬಗ್ಗೆ ನಮ್ಮವರಲ್ಲಿ ಇರುವ ಭಯದ ಬಹುಪಾಲು, ಇದನ್ನು ನಮ್ಮ ವಿಶ್ವವಿದ್ಯಾಲಯಗಳ ವಾರ್ಷಿಕ ಪರೀಕ್ಷೆಯಂತೆ ಕಲ್ಪಿಸಿಕೊಳ್ಳುವುದರಿಂದ ಹುಟ್ಟಿದ್ದು.

ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಿಂದ ನಡೆಸಿಕೊಂಡು ಬರುತ್ತಿರುವ ಕ್ಲೆಪ್ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ವಿಷಯಗಳ ಪರೀಕ್ಷೆಗಳಿವೆ. ಸಾಹಿತ್ಯಕ್ಕೆ ಸಂಬಂಧಿಸಿದವು ಮುಖ್ಯವಾಗಿ ಮೂರು: ಅಮೆರಿಕನ್ ಲಿಟರೇಚರ್, ಇಂಗ್ಲಿಷ್ ಲಿಟರೇಚರ್, ಹಾಗೂ ಅನಲೈಸಿಂಗ್ ಅಂಡ್ ಇಂಟರ್‌ಪ್ರಿಟಿಂಗ್ ಲಿಟರೇಚರ್. ಮೊದಲೆರಡಕ್ಕೆ ಸಾಹಿತ್ಯ ಚರಿತ್ರೆಯ ಜ್ಞಾನ ಬೇಕು. ಯಾವ ಕಾಲಘಟ್ಟದಲ್ಲಿ ಯಾರು ಏನು ಬರೆದರು, ಯಾವ ಪಂಥ ಯಾವುದಕ್ಕೆ ಪ್ರತಿಕ್ರಿಯೆಯಾಗಿ ಬಂತು ಎಂಬುದು ಗೊತ್ತಿರಬೇಕು. ಮೂರನೆಯದರಲ್ಲಿ ಅದರ ಅಗತ್ಯವಿಲ್ಲ. ಒಂದು ಕವಿತೆಯನ್ನೋ, ಕಾದಂಬರಿಯ ಒಂದು ತುಣುಕನ್ನೋ, ನಾಟಕದ ಒಂದು ಸಂಭಾಷಣೆಯನ್ನೋ ನಿಮ್ಮ ಮುಂದಿಟ್ಟು, ಅದರ ಮೇಲೆಯೇ ಪ್ರಶ್ನೆ ಕೇಳುತ್ತಾರೆ. ಆ ಕೃತಿಯನ್ನು ನೀವು ಮೊದಲೇ ಓದಿರಬೇಕೆಂಬ ನಿರೀಕ್ಷೆ ಇಲ್ಲ. ನಿಮ್ಮ ಸ್ಥಿತಿಯಲ್ಲಿ ಇರುವವರು ಆರಿಸಿಕೊಳ್ಳಬೇಕಾದ್ದು ಇದನ್ನೇ.

ಇದರಲ್ಲಿ ಸುಮಾರು 80 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ, ಸಮಯ 98 ನಿಮಿಷ. ಎಂದರೆ ಭಾಗವನ್ನು ಓದುವ ಹೊತ್ತೂ ಸೇರಿ ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷಕ್ಕಿಂತ ತುಸು ಕಡಿಮೆ. ಕಾವ್ಯದ ಪಾಲು ಶೇಕಡಾ 35ರಿಂದ 45, ಗದ್ಯದ ಪಾಲೂ ಅಷ್ಟೇ, ಉಳಿದದ್ದು ನಾಟಕ. ಅರ್ಧದಷ್ಟು ಬ್ರಿಟಿಷ್ ಸಾಹಿತ್ಯ, ಅದಕ್ಕಿಂತ ಕಡಿಮೆ ಅಮೆರಿಕನ್, ಬೇರೆ ಭಾಷೆಗಳಿಂದ ಅನುವಾದವಾದದ್ದು ಸ್ವಲ್ಪ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಫಲಿತಾಂಶವನ್ನು 20ರಿಂದ 80ರವರೆಗಿನ ಅಳತೆಯಲ್ಲಿ ಕೊಡುತ್ತಾರೆ. ಇದು ಶೇಕಡಾವಾರು ಅಂಕವಲ್ಲ. 50 ಬಂದವರಿಗೆ 3 ಕ್ರೆಡಿಟ್ (ಪದವಿಗಾಗಿ ಕೋರ್ಸುಗಳನ್ನು ಲೆಕ್ಕ ಹಾಕುವ ಮಾನ) ಕೊಡಬಹುದೆಂಬುದು ಅಮೆರಿಕದ ಶಿಕ್ಷಣ ಮಂಡಳಿಯ ಶಿಫಾರಸು. ಆದರೆ ಶಿಫಾರಸು ಎಂಬುದು ಶಿಫಾರಸು ಮಾತ್ರ. ಎಷ್ಟು ಅಂಕ ಬೇಕು, ಎಷ್ಟು ಕ್ರೆಡಿಟ್ ಸಿಗುತ್ತದೆ, ಅದು ಯಾವ ಕೋರ್ಸಿಗೆ ಬದಲಾಗಿ ನಿಲ್ಲುತ್ತದೆ ಎಂಬುದನ್ನೆಲ್ಲ ಆಯಾ ಕಾಲೇಜೇ ತೀರ್ಮಾನಿಸುತ್ತದೆ.

ಆದ್ದರಿಂದ ಪುಸ್ತಕ ತೆರೆಯುವುದಕ್ಕಿಂತ ಮೊದಲು ನೀವು ಮಾಡಬೇಕಾದ ಒಂದು ಕೆಲಸವಿದೆ. ಟೆಕ್ಸಾಸಿನ ಸರ್ಕಾರಿ ಕಾಲೇಜುಗಳ 42 ಕ್ರೆಡಿಟ್‌ಗಳ ಮೂಲ ಪಠ್ಯಕ್ರಮದಲ್ಲಿ ಭಾಷೆ, ತತ್ತ್ವಶಾಸ್ತ್ರ ಮತ್ತು ಸಂಸ್ಕೃತಿ ಎಂಬ 3 ಕ್ರೆಡಿಟ್‌ಗಳ ವಿಭಾಗವೊಂದಿದೆ. ಈ ಪರೀಕ್ಷೆಯ ಕ್ರೆಡಿಟ್ ಆ ವಿಭಾಗಕ್ಕೆ ಸಲ್ಲುತ್ತದೆಯೇ, ಅಥವಾ ಬರಿಯ ಐಚ್ಛಿಕ ಕ್ರೆಡಿಟ್ ಆಗಿ ಉಳಿಯುತ್ತದೆಯೇ ಎಂದು ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಮುಂದೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವ ಆಲೋಚನೆ ಇದ್ದರೆ ಅಲ್ಲಿಗೂ ಇದೇ ಪ್ರಶ್ನೆ ಕಳಿಸಿ. ಒಂದು ಕಾಲೇಜು ಒಪ್ಪಿದ ಕ್ರೆಡಿಟನ್ನು ಇನ್ನೊಂದು ಒಪ್ಪಲೇಬೇಕೆಂದಿಲ್ಲ. ಕೆಲವು ಕಾಲೇಜುಗಳು ಬಹು ಆಯ್ಕೆಯ ಪ್ರಶ್ನೆಗಳ ಜೊತೆಗೆ ಪ್ರಬಂಧದ ಭಾಗವನ್ನೂ ಬರೆಯಬೇಕೆನ್ನುತ್ತವೆ. ಅದನ್ನೂ ಆ ಇಮೇಲ್‌ನಲ್ಲೇ ಕೇಳಿಕೊಳ್ಳಿ. ಸಲಹೆಗಾರರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಕೊನೆಗೆ ನಡೆಯುವುದು ಕಚೇರಿಯ ದಾಖಲೆಯ ಮಾತು.

ಈಗ ತಯಾರಿಯ ವಿಷಯ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿದ ಯಾರಿಗೂ ‘ಸಂದರ್ಭದೊಡನೆ ವಿವರಿಸಿ’ ಎಂಬ ಪ್ರಶ್ನೆ ಮರೆತಿರುವುದಿಲ್ಲ. ಒಂದು ಸಾಲು ಕೊಟ್ಟರೆ ಅದರ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ ಮಾಡಿ ಬರೆಯುತ್ತಿದ್ದೆವು. ಆಯ್ಕೆ ಮತ್ತು ಸಂದರ್ಭಗಳಿಗೆ ಕಂಠಪಾಠ ಸಾಕಾಗುತ್ತಿತ್ತು. ಸ್ವಾರಸ್ಯಕ್ಕೆ ಮಾತ್ರ ಆ ಮಾತನ್ನು ಯಾರು ಯಾರಿಗೆ ಯಾವ ಮನಸ್ಥಿತಿಯಲ್ಲಿ ಆಡುತ್ತಾರೆ, ಅದರ ಹಿಂದಿನ ಧ್ವನಿ ಏನು ಎಂದು ಯೋಚಿಸಲೇಬೇಕಿತ್ತು. ಕ್ಲೆಪ್‌ನ ಈ ಪರೀಕ್ಷೆ ಆಯ್ಕೆ, ಸಂದರ್ಭಗಳನ್ನು ಕೈಬಿಟ್ಟು ಸ್ವಾರಸ್ಯವೊಂದನ್ನೇ ಎಂಬತ್ತು ಬಗೆಯಲ್ಲಿ ಕೇಳುತ್ತದೆ. ಹಾಗೆಯೇ ಕುಮಾರವ್ಯಾಸನ ಷಟ್ಪದಿಯನ್ನು ಪಾಠ ಮಾಡುವಾಗ ಮೇಷ್ಟರು ಮೊದಲು ಅನ್ವಯ ಮಾಡಿಸುತ್ತಿದ್ದರು: ಕರ್ತೃ ಎಲ್ಲಿದೆ, ಕ್ರಿಯಾಪದ ಎಲ್ಲಿದೆ, ಯಾವ ವಿಶೇಷಣ ಯಾವುದಕ್ಕೆ ಸೇರುತ್ತದೆ ಎಂದು ಹುಡುಕಿದ ಮೇಲೇ ಅರ್ಥ. ಹದಿನೇಳನೆಯ ಶತಮಾನದ ಇಂಗ್ಲಿಷ್ ಕವಿತೆ ಕೈಗೆ ಬಂದಾಗ ನಿಮ್ಮನ್ನು ಕಾಯುವುದು ಈ ಅಭ್ಯಾಸವೇ. ಅಲ್ಲಿ ವಾಕ್ಯ ನಾಲ್ಕು ಸಾಲುಗಳವರೆಗೆ ಹಬ್ಬಿ ಕ್ರಿಯಾಪದ ಕೊನೆಯಲ್ಲಿ ಬರಬಹುದು. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಎಳೆಯರು ಅಲ್ಲಿ ತಡವರಿಸುವುದನ್ನೂ, ಅನ್ವಯ ಕಲಿತ ನಮ್ಮವರು ತಾಳ್ಮೆಯಿಂದ ದಾಟುವುದನ್ನೂ ನಾನು ನೋಡಿದ್ದೇನೆ.

ಮೊದಲ ಅಭ್ಯಾಸಕ್ಕೆ ನಿಮಗೆ ಗೊತ್ತಿರುವ ಒಂದು ಹಾಡನ್ನೇ ಸೂಚಿಸುತ್ತೇನೆ. ಶಾಲೆಯ ಪ್ರಾರ್ಥನೆಯಲ್ಲಿ ‘ಕರುಣಾಳು ಬಾ ಬೆಳಕೆ’ಯನ್ನು ನೀವು ಹಾಡಿರಬಹುದು. ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಕ್ಕೆ ತಂದದ್ದು ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಕವಿತೆಯಿಂದ. ಇಟಲಿಯಿಂದ ಮರಳುವಾಗ ಗಾಳಿಯಿಲ್ಲದೆ ಹಡಗು ನಿಂತಿದ್ದಾಗ ಕವಿ ಇದನ್ನು ಬರೆದರು ಎಂಬ ಸಂಗತಿ ಸೊಗಸಾಗಿದೆ, ಆದರೆ ಪರೀಕ್ಷೆಗೆ ಅದು ಬೇಡ. ಇಂಗ್ಲಿಷ್ ಮೂಲದ ಮೂರು ಪದ್ಯಗಳನ್ನು ಮುಂದಿಟ್ಟುಕೊಂಡು ಇಷ್ಟು ನೋಡಿ. ಮಾತನಾಡುತ್ತಿರುವವರು ಯಾರನ್ನು ಕುರಿತು ಮಾತನಾಡುತ್ತಿದ್ದಾರೆ? ಬೆಳಕನ್ನು. ಎದುರಿಗೆ ವ್ಯಕ್ತಿಯಾಗಿ ಇಲ್ಲದ ವಸ್ತುವನ್ನು ಕರೆದು ಮಾತನಾಡುವುದಕ್ಕೆ ಇಂಗ್ಲಿಷಿನಲ್ಲಿ ಅಪಾಸ್ಟ್ರೊಫಿ ಎನ್ನುತ್ತಾರೆ. ಒಂದು ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೊದಲ ಪದ್ಯ ಈಗಿನ ಕತ್ತಲೆಯಲ್ಲಿ ಸಲ್ಲಿಸುವ ಬೇಡಿಕೆ. ಎರಡನೆಯದು ಹಿಂದಿನ ದಿನಗಳತ್ತ ತಿರುಗುತ್ತದೆ: ತಾನು ಯಾವಾಗಲೂ ಹೀಗಿದ್ದವನಲ್ಲ, ದಾರಿಯನ್ನು ತಾನೇ ಆರಿಸಿಕೊಳ್ಳಲು ಬಯಸುತ್ತಿದ್ದವನು, ಅಹಂಕಾರ ತನ್ನನ್ನು ಆಳುತ್ತಿತ್ತು ಎಂಬ ಒಪ್ಪಿಗೆ ಅಲ್ಲಿದೆ. ಮೂರನೆಯದು ಮುಂದಿನದನ್ನು ಕುರಿತ ಭರವಸೆ. ಬೇಡಿಕೆ, ತಪ್ಪೊಪ್ಪಿಗೆ, ಭರವಸೆ ಎಂಬ ಈ ನಡೆಯನ್ನು ಗುರುತಿಸಿದರೆ ಕವಿತೆಯ ರಚನೆಯನ್ನು ಕುರಿತ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎರಡನೆಯ ಪದ್ಯದಲ್ಲಿದೆ. ಅಲ್ಲಿ ಕವಿ ತಾನು ‘ಗ್ಯಾರಿಷ್ ಡೇ’ಯನ್ನು ಪ್ರೀತಿಸುತ್ತಿದ್ದೆ ಎನ್ನುತ್ತಾರೆ. ಗ್ಯಾರಿಷ್ ಎಂದರೆ ಕಣ್ಣು ಕುಕ್ಕುವ, ಅತಿಯಾದ ಹೊಳಪು. ಕವಿತೆಯುದ್ದಕ್ಕೂ ಬೆಳಕನ್ನು ಬೇಡುತ್ತಿರುವವರು ಹಗಲಿನ ಬೆಳಕನ್ನು ಮಾತ್ರ ಹಳಿಯುವುದೇಕೆ? ಇಲ್ಲಿ ಎರಡು ಬೆಳಕುಗಳಿವೆ ಎಂಬುದು ಆಗ ಕಾಣುತ್ತದೆ. ಒಂದು, ಎಲ್ಲವೂ ತನಗೆ ಕಾಣುತ್ತಿದೆ ಎಂಬ ಸೊಕ್ಕನ್ನು ಹುಟ್ಟಿಸಿದ ಹಗಲು. ಇನ್ನೊಂದು, ಕತ್ತಲೆಯಲ್ಲಿ ಒಂದು ಹೆಜ್ಜೆಗೆ ಸಾಕಾಗುವಷ್ಟೇ ಸಿಗುವ ಕರುಣೆಯ ಬೆಳಕು. ಪರೀಕ್ಷೆಯಲ್ಲಿ ‘ಈ ಸಂದರ್ಭದಲ್ಲಿ ಆ ಪದಗಳು ಏನನ್ನು ಸೂಚಿಸುತ್ತವೆ’ ಎಂದು ಕೇಳಿ ಐದು ಆಯ್ಕೆಗಳನ್ನು ಕೊಟ್ಟಾಗ, ‘ಬೇಸಿಗೆಯ ಬಿಸಿಲು’ ಎಂಬುದೋ ‘ದೇವರ ಮಹಿಮೆ’ ಎಂಬುದೋ ಸುಲಭವಾಗಿ ಸೆಳೆಯುತ್ತದೆ. ಸರಿಯಾದ ಉತ್ತರ ಆ ಪದ್ಯದ ಉಳಿದ ಸಾಲುಗಳ ಜೊತೆ ಹೊಂದುವುದು, ಅಂದರೆ ಸ್ವಂತ ಬುದ್ಧಿಯನ್ನೇ ನಂಬಿ ಮೆರೆದ ದಿನಗಳು. ಸಾಮಾನ್ಯವಾಗಿ ನಿಜವೆನಿಸಿದರೂ ಈ ಸಾಲುಗಳಲ್ಲಿ ಆಧಾರವಿಲ್ಲದ ಆಯ್ಕೆ, ಅರ್ಧ ಸರಿಯಾಗಿ ಉಳಿದರ್ಧ ತಪ್ಪಾಗಿರುವ ಆಯ್ಕೆ, ಭಾವವನ್ನು ಅತಿಗೆ ಒಯ್ಯುವ ಆಯ್ಕೆ: ದಾರಿ ತಪ್ಪಿಸುವ ಉತ್ತರಗಳು ಬಹುತೇಕ ಈ ಮೂರರಲ್ಲಿ ಒಂದಾಗಿರುತ್ತವೆ.

ಭಾವಸ್ವರವನ್ನು ಕುರಿತ ಪ್ರಶ್ನೆಗಳಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು, ಏಕೆಂದರೆ ವಿಷಯವನ್ನು ನೋಡಿ ಭಾವವನ್ನು ಊಹಿಸಿಬಿಡುತ್ತೇವೆ. ಎಮಿಲಿ ಡಿಕಿನ್ಸನ್ ಅವರ, ಸಾವು ಗಾಡಿಯಲ್ಲಿ ಬಂದು ತನ್ನನ್ನು ಹತ್ತಿಸಿಕೊಂಡಿತೆಂದು ಹೇಳುವ ಪ್ರಸಿದ್ಧ ಕವಿತೆಯನ್ನು ಓದಿ ನೋಡಿ. ಸಾವು ಎಂದೊಡನೆ ಭಯ, ಶೋಕ ಎಂದು ಗುರುತು ಹಾಕಿದರೆ ಅಂಕ ಹೋಯಿತು. ಅಲ್ಲಿ ಸಾವು ಸೌಜನ್ಯವುಳ್ಳ ಅತಿಥಿಯಂತೆ ನಿಧಾನವಾಗಿ ಗಾಡಿ ಹೊಡೆಯುತ್ತದೆ. ಶಾಲೆಯ ಮಕ್ಕಳು, ತೆನೆ ಹೊತ್ತ ಹೊಲ, ಮುಳುಗುವ ಸೂರ್ಯ ಒಂದೊಂದಾಗಿ ದಾಟಿ ಹೋಗುತ್ತವೆ. ಕೊನೆಯಲ್ಲಿ ನೆಲದ ಉಬ್ಬಿನಂತೆ ಕಾಣುವ ಮನೆಯೊಂದರ ಮುಂದೆ ಗಾಡಿ ನಿಲ್ಲುತ್ತದೆ. ಆ ಮನೆ ಸಮಾಧಿ ಎಂದು ಕವಿತೆ ಎಲ್ಲೂ ಹೇಳುವುದಿಲ್ಲ, ಓದುವವರು ಕಂಡುಕೊಳ್ಳಬೇಕು. ಗದ್ಯದಲ್ಲಿ ಇದೇ ಎಚ್ಚರ ವ್ಯಂಗ್ಯದ ವಿಷಯದಲ್ಲಿ ಬೇಕು. ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ‘ಎ ಮಾಡೆಸ್ಟ್ ಪ್ರೊಪೋಸಲ್’ನಲ್ಲಿ ಬಡವರ ಮಕ್ಕಳನ್ನು ಆಹಾರವಾಗಿ ಮಾರಬಹುದೆಂದು ತಣ್ಣಗೆ ಲೆಕ್ಕ ಹಾಕುವ ದನಿ ಲೇಖಕನದಲ್ಲ, ಆತ ಖಂಡಿಸುತ್ತಿರುವ ಮನೋಭಾವದ್ದು. ಹೊಗಳಿಕೆಯ ನೆಪದಲ್ಲಿ ತೆಗಳುವ ವ್ಯಾಜಸ್ತುತಿಯ ಲಕ್ಷಣವನ್ನು ಕಲಿತವರಿಗೆ ಈ ಬಗೆಯ ಮಾತು ಹೊಸದೇನೂ ಅಲ್ಲ.

ನಿಮಗೆ ನಿಜವಾಗಿ ಕೊರತೆಯಾಗುವುದು ಬೇರೆ ಎರಡು ಕಡೆ. ಒಂದು, ಉಲ್ಲೇಖಗಳು. ಕರ್ಣ ಎಂಬ ಒಂದೇ ಹೆಸರಿನಿಂದ ನಮಗೆ ಎಷ್ಟೆಲ್ಲ ಅರ್ಥ ಹೊಳೆಯುತ್ತದೆಯೋ, ಇಂಗ್ಲಿಷ್ ಕವಿಗಳು ಬೈಬಲ್ಲಿನ ಮತ್ತು ಗ್ರೀಕ್ ಪುರಾಣದ ಹೆಸರುಗಳಿಂದ ಅಷ್ಟನ್ನು ಹೊಳೆಯಿಸುತ್ತಾರೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಿಂದ ಆದಿಕಾಂಡದ ಮೊದಲ ಅಧ್ಯಾಯಗಳು, ಯೋಬನ ಕಥೆ, ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ಮನೆಬಿಟ್ಟು ಹೋದ ಮಗನ ಸಾಮತಿ, ಇವನ್ನು ಓದಿಕೊಳ್ಳಿ. ಇಕಾರಸ್, ಆರ್ಫಿಯಸ್, ಪ್ರೊಮಿಥಿಯಸ್ ಕಥೆಗಳನ್ನು ತಿಳಿದುಕೊಳ್ಳಿ. ಆ ಬೈಬಲ್ಲಿನ ಭಾಷೆ ಹಳೆಯ ಕವಿತೆಗಳ ‘ದೌ’, ‘ದೀ’, ‘ಹ್ಯಾತ್’ಗಳಿಗೂ ನಿಮ್ಮನ್ನು ಒಗ್ಗಿಸುತ್ತದೆ. ಎರಡು, ಛಂದಸ್ಸು. ನಾವು ಪ್ರಸ್ತಾರ ಹಾಕುವಾಗ ಲಘು ಗುರುಗಳನ್ನು, ಎಂದರೆ ಉಚ್ಚಾರಣೆಯ ಕಾಲವನ್ನು ಲೆಕ್ಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಲೆಕ್ಕಕ್ಕೆ ಬರುವುದು ಒತ್ತು. ಕಣ್ಣಿಗೆ ಕಾಣುವ ಅಕ್ಷರದಿಂದ ಅದು ತಿಳಿಯದು, ಗಟ್ಟಿಯಾಗಿ ಓದಿದರೆ ಮಾತ್ರ ತಿಳಿಯುತ್ತದೆ. ಛಂದಸ್ಸಿನ ಪ್ರಶ್ನೆಗಳು ಕೆಲವೇ ಇರುವುದರಿಂದ ಒತ್ತಿಲ್ಲದ್ದೊಂದು ಒತ್ತುಳ್ಳದ್ದೊಂದು ಉಚ್ಚಾರಾಂಶದ ಐದು ಜೋಡಿಗಳಿಂದಾದ ಸಾಲು ಎಂಬ ಅಯಾಂಬಿಕ್ ಪೆಂಟಾಮೀಟರ್, ಅದೇ ಲಯದ ಪ್ರಾಸವಿಲ್ಲದ ಬ್ಲ್ಯಾಂಕ್ ವರ್ಸ್, ಹದಿನಾಲ್ಕು ಸಾಲಿನ ಸಾನೆಟ್ಟಿನ ಎರಡು ಮುಖ್ಯ ಬಗೆಗಳು, ಇಷ್ಟನ್ನು ಗುರುತಿಸಲು ಕಲಿತರೆ ಸಾಕು.

ದಿನಕ್ಕೆ ಒಂದು ಭಾಗ ಓದಿ, ಹೆಚ್ಚು ಬೇಡ. ಓದಿದ ಮೇಲೆ ಆಯ್ಕೆಗಳನ್ನು ನೋಡುವ ಮೊದಲು ಅಂಚಿನಲ್ಲಿ ಕನ್ನಡದಲ್ಲೇ ಮೂರು ಸಂಗತಿ ಬರೆದುಕೊಳ್ಳಿ: ಮಾತನಾಡುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ ಮಾತು ತಿರುಗುತ್ತದೆ. ತಿರುವು ಬಹುಮಟ್ಟಿಗೆ ‘ಬಟ್’, ‘ಯೆಟ್’, ‘ನೌ’ ಎಂಬ ಸಣ್ಣ ಪದಗಳ ಬಳಿ ಇರುತ್ತದೆ. ಕನ್ನಡದಲ್ಲಿ ಬರೆದುಕೊಳ್ಳಲು ಸಂಕೋಚ ಬೇಡ. ಅರ್ಥವನ್ನು ಹಿಡಿಯುವುದು ಯಾವ ಭಾಷೆಯಲ್ಲಾದರೂ ಆಗಬಹುದು. ಮೊದಲ ತಿಂಗಳು ಗಡಿಯಾರ ನೋಡಬೇಡಿ, ಕೊನೆಯ ತಿಂಗಳು ಗಡಿಯಾರವಿಲ್ಲದೆ ಅಭ್ಯಾಸ ಮಾಡಬೇಡಿ. ‘ಎಕ್ಸೆಪ್ಟ್’ ಎಂದು ಮುಗಿಯುವ ಪ್ರಶ್ನೆಗಳಲ್ಲಿ ಹೊಂದದ ಒಂದನ್ನು ಆರಿಸಬೇಕೆಂಬುದನ್ನು ಅವಸರದಲ್ಲಿ ಮರೆಯುವವರು ಬಹಳ. ಆ ಪದವನ್ನು ಕಂಡೊಡನೆ ಒಂದು ಕ್ಷಣ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ.

ಹಣದ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಪರೀಕ್ಷಾ ಶುಲ್ಕ ನೂರು ಡಾಲರಿನ ಆಸುಪಾಸಿನಲ್ಲಿದ್ದು, ಪರೀಕ್ಷಾ ಕೇಂದ್ರದವರು ಬೇರೆ ಶುಲ್ಕ ಕೇಳುವುದೂ ಉಂಟು. ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆ ಈ ಪರೀಕ್ಷೆಗೆ ಉಚಿತವಾಗಿ ಆನ್‌ಲೈನ್ ಪಾಠ ನಡೆಸುತ್ತದೆ. ಅದನ್ನು ಪೂರ್ತಿ ಮುಗಿಸಿದವರಿಗೆ ಪರೀಕ್ಷಾ ಶುಲ್ಕದ ವೋಚರನ್ನೂ ಕೊಡುತ್ತದೆ. ನಮ್ಮ ಮಹಿಳೆಯರು ಎಷ್ಟೋ ಮಂದಿ ಈ ವ್ಯವಸ್ಥೆಯ ಸುದ್ದಿಯೇ ಇಲ್ಲದೆ ಕೈಯಿಂದ ಹಣ ಕಟ್ಟುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಹಳೆಯ ಕೃತಿಗಳೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಅಭ್ಯಾಸದ ಪುಸ್ತಕಗಳು ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇರುತ್ತವೆ. ಒಂದು ವೇಳೆ ಅಂಕ ಸಾಲದೆ ಹೋದರೆ ಮೂರು ತಿಂಗಳು ಬಿಟ್ಟು ಮತ್ತೆ ಬರೆಯಬಹುದು.

ಪ್ರಶ್ನೆ: ನಾನು ಮೈಸೂರಿನಿಂದ ಬಂದು ಇಲ್ಲಿ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಬಿ.ಎಸ್. ಓದುತ್ತಿದ್ದೇನೆ. ಸಾಹಿತ್ಯದ ಕ್ರೆಡಿಟನ್ನು ಕ್ಲೆಪ್ ಮೂಲಕ ಪಡೆದರೆ ಒಂದು ಕೋರ್ಸಿನ ಶುಲ್ಕ ಉಳಿಯುತ್ತದೆಯಲ್ಲವೇ? ಇದರಲ್ಲಿ ತೊಡಕೇನಾದರೂ ಇದೆಯೇ?
— ವಿದ್ಯಾರ್ಥಿ, ಒಹಾಯೊ

ಉತ್ತರ: ಶುಲ್ಕ ಉಳಿಯುವುದು ನಿಜ, ಆದರೆ ಒಂದು ವಿಷಯವನ್ನು ಗಮನದಲ್ಲಿಡಿ. ಎಫ್-1 ವೀಸಾದಲ್ಲಿರುವ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲೂ ಕನಿಷ್ಠ 12 ಕ್ರೆಡಿಟ್‌ಗಳ ತರಗತಿಗಳಿಗೆ ದಾಖಲಾಗಿರಬೇಕು. ಪರೀಕ್ಷೆಯಿಂದ ಗಳಿಸಿದ ಕ್ರೆಡಿಟ್ ಈ 12ರಲ್ಲಿ ಸೇರುವುದಿಲ್ಲ. ಆದ್ದರಿಂದ ಕ್ಲೆಪ್ ಬರೆಯುತ್ತಿದ್ದೇನೆಂದು ತರಗತಿಯನ್ನು ಕೈಬಿಡುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಲೇಬೇಕು. ಈ ಕ್ರೆಡಿಟಿಗೆ ಗ್ರೇಡ್ ಇರುವುದಿಲ್ಲವಾದ್ದರಿಂದ ಜಿಪಿಎ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಮ್ಮ ಸರಾಸರಿಯನ್ನು ಎತ್ತಬೇಕಾದ ಅಗತ್ಯವಿದ್ದರೆ ತರಗತಿಯಲ್ಲಿ ಕುಳಿತು ಓದುವುದೇ ಲೇಸು.

ಪ್ರಶ್ನೆ: ನನ್ನ ಮಗಳು ಹೈಸ್ಕೂಲಿನ ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಓದುವ ಆಸಕ್ತಿ ಬಹಳ. ಅವಳ ಶಾಲೆಯಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಎಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಲಿಟರೇಚರ್ ತರಗತಿ ಇದೆ. ಕ್ಲೆಪ್ ಸುಲಭವೆಂದು ಸ್ನೇಹಿತರು ಹೇಳುತ್ತಾರೆ. ಯಾವುದಕ್ಕೆ ಸೇರಿಸಲಿ?
— ತಂದೆ, ನ್ಯೂಜೆರ್ಸಿ

ಉತ್ತರ: ನಿಮ್ಮ ಮಗಳಿಗೆ ಎಪಿಯೇ ಸರಿ ಎಂದು ನನ್ನ ಅಭಿಪ್ರಾಯ. ಕ್ಲೆಪ್ ಅನ್ನು ಎರಡು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುತ್ತವೆಯಾದರೂ, ಪ್ರವೇಶಕ್ಕೆ ಹೆಚ್ಚು ಪೈಪೋಟಿ ಇರುವ ಹಲವು ಖಾಸಗಿ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಎಪಿ ಪರೀಕ್ಷೆ ವರ್ಷಕ್ಕೊಮ್ಮೆ ಮೇ ತಿಂಗಳಿನಲ್ಲಿ ನಡೆಯುತ್ತದೆ, ಫಲಿತಾಂಶ 1ರಿಂದ 5ರವರೆಗೆ. ಎಷ್ಟಕ್ಕೆ ಕ್ರೆಡಿಟ್ ಎಂಬುದು ಅಲ್ಲಿಯೂ ಕಾಲೇಜಿನ ತೀರ್ಮಾನವೇ. ಒಂದು ಗಂಟೆಯ ಬಹು ಆಯ್ಕೆಯ ಭಾಗವಾದ ಮೇಲೆ ಎರಡು ಗಂಟೆಗಳಲ್ಲಿ ಮೂರು ಪ್ರಬಂಧ ಬರೆಯಬೇಕು, ಮತ್ತು ಅಂಕದ ಅರ್ಧಕ್ಕಿಂತ ಹೆಚ್ಚು ಪಾಲು ಆ ಪ್ರಬಂಧಗಳದ್ದು. ಒಂದು ಕವಿತೆಯ ಮೇಲೆ, ಒಂದು ಗದ್ಯಭಾಗದ ಮೇಲೆ, ಮೂರನೆಯದು ತಾನೇ ಆರಿಸಿಕೊಂಡ ಕೃತಿಯ ಮೇಲೆ. ಒಂದು ವರ್ಷವಿಡೀ ಶಿಕ್ಷಕರ ಮುಂದೆ ಓದಿ, ಬರೆದು, ತಿದ್ದಿಸಿಕೊಳ್ಳುವ ಅವಕಾಶವನ್ನು ಓದುವ ಹಂಬಲವುಳ್ಳ ಹುಡುಗಿಯಿಂದ ತಪ್ಪಿಸಬಾರದು.

ಆ ಮೂರನೆಯ ಪ್ರಬಂಧದ ಬಗ್ಗೆ ಒಂದು ಮಾತು. ಪ್ರಶ್ನೆಯ ಜೊತೆಗೆ ಕೃತಿಗಳ ಪಟ್ಟಿಯೊಂದನ್ನು ಕೊಡುತ್ತಾರಾದರೂ ವಿದ್ಯಾರ್ಥಿ ತಾನು ಓದಿದ ಬೇರೆ ಕೃತಿಯನ್ನೂ ಆರಿಸಿಕೊಳ್ಳಬಹುದು. ಯು.ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿ ದೊರೆಯುತ್ತದೆ. ಶವವೊಂದು ಸಂಸ್ಕಾರಕ್ಕಾಗಿ ಕಾದಿರುವಾಗ ಅಗ್ರಹಾರದ ಒಳಗುಟ್ಟುಗಳೆಲ್ಲ ಹೊರಬೀಳುವುದು, ಪ್ರಾಣೇಶಾಚಾರ್ಯರ ನಂಬಿಕೆ ಒಂದು ರಾತ್ರಿಯಲ್ಲಿ ಅಲುಗಿ ಅವರು ಊರೂರು ಅಲೆಯುವುದು, ಇವು ನೈತಿಕ ಇಕ್ಕಟ್ಟನ್ನೋ ಸಮುದಾಯದ ಎದುರು ನಿಲ್ಲುವ ಒಬ್ಬ ವ್ಯಕ್ತಿಯನ್ನೋ ಕುರಿತು ಕೇಳುವ ಪ್ರಶ್ನೆಗಳಿಗೆ ಚೆನ್ನಾಗಿ ಒದಗುತ್ತವೆ. ಮೌಲ್ಯಮಾಪಕರಿಗೆ ಕೃತಿ ಅಪರಿಚಿತವಾಗಿರಬಹುದಾದ್ದರಿಂದ ಯಾರು, ಎಲ್ಲಿ, ಏನಾಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿ ವಾದಕ್ಕೆ ಇಳಿಯಬೇಕು. ಕಥೆಯನ್ನೇ ಹೇಳುತ್ತ ಹೋದರೆ ಅಂಕ ಬಾರದು. ಅವಳ ಶಿಕ್ಷಕರಿಗೆ ಮೊದಲೇ ತಿಳಿಸಿ, ಶಾಲೆಯ ಅಭ್ಯಾಸ ಪರೀಕ್ಷೆಯಲ್ಲಿ ಒಮ್ಮೆ ಈ ಕೃತಿಯ ಮೇಲೆ ಬರೆಯಿಸಿ ನೋಡಿ. ಅದಕ್ಕೂ ಮುಂಚೆ ಅನುವಾದವನ್ನು ಅವಳೂ, ಕನ್ನಡದ ಮೂಲವನ್ನು ನೀವೂ ಒಟ್ಟಿಗೆ ಓದಿಕೊಂಡು, ದಿನವೂ ಒಂದು ಅಧ್ಯಾಯದ ಬಗ್ಗೆ ಮಾತನಾಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕೋಚಿಂಗ್ ಇನ್ನೊಂದನ್ನು ನಾನು ಸೂಚಿಸಲಾರೆ.